ಗುಂಡಂಚಿನ ಪಟ್ಟಿ

ಕೈ ಬಿಟ್ಟರೆ ಸಾಕು ಎಂದು ರಾಡೊವನ್‌ಗೆ ಅನಿಸಿದ್ದು ಚರ್ಚಿನ ಹಿಂದಿನ ಇಳಿಜಾರಿನಲ್ಲಿ. ಗಾಲಿಕುರ್ಚಿಯ ಎರಡು ಹಿಡಿಕೆಗಳು ಅವನ ಅಂಗೈಯಲ್ಲಿದ್ದವು, ಕುರ್ಚಿಯಲ್ಲಿ ಲುಬೊರ್ ಇದ್ದ, ಇಳಿಜಾರು ಮುಗಿಯುವಲ್ಲಿ ಕಲ್ಲಿನ ಗೋಡೆ ಇತ್ತು. ಮಾರ್ಚ್ ತಿಂಗಳು, ರಾತ್ರಿ ಬಿದ್ದ ಹಿಮ ಕರಗಿ ರಸ್ತೆ ಜಾರುತ್ತಿತ್ತು. ಕೈ ಜಾರಿತು ಅಂದರೆ ಊರು ನಂಬುತ್ತಿತ್ತು. ಎರಡು ವರ್ಷದಿಂದ ಒಂದು ಶನಿವಾರವೂ ತಪ್ಪಿಸದೆ ಕಾಲು ಸ್ವಾಧೀನವಿಲ್ಲದವನನ್ನು ತಳ್ಳಿಕೊಂಡು ತಿರುಗುವ ಗೆಳೆಯನ ಮೇಲೆ ಯಾರು ಅನುಮಾನ ಪಡುತ್ತಾರೆ? ಮೊದಲು ಮೊಣಕಾಲು ಗೋಡೆಗೆ ಬಡಿಯುತ್ತದೆ, ಅದು ಅವನಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಕುರ್ಚಿ ಮಗುಚುತ್ತದೆ, ಆಮೇಲೆ ತಲೆ. ತಲೆ ಒಡೆಯುವ ಸದ್ದು ಹೇಗಿರಬಹುದು ಎಂಬಲ್ಲಿಯವರೆಗೆ ಹೋದ ಯೋಚನೆಯನ್ನು ರಾಡೊವನ್ ಅಲ್ಲೇ ತಡೆದ. ತನ್ನ ಮೇಲೇ ಹೇಸಿಗೆಯಾಗಿ ಹಿಡಿಕೆಗಳನ್ನು ಬೆರಳು ಬಿಳಿಚುವಷ್ಟು ಬಿಗಿಹಿಡಿದ.

"ಏನೋ ದೋಣಿಯವ್ನೇ, ನಿದ್ದೆ ಮಾಡ್ತಾ ತಳ್ತಿದೀಯ?" ಲುಬೊರ್ ಹಿಂತಿರುಗದೆ ಕೇಳಿದ. "ಆ ಮುದುಕಿ ತನ್ನ ಮಷೀನುಗಳನ್ನ ಕೊಡ್ತೀನಿ ಅಂತ ಬೇರೆಯವ್ರಿಗೆ ಮಾತು ಕೊಟ್ಬಿಟ್ರೆ ನಿನ್ನ ಬೆನ್ನಿನ ಮೇಲೆ ತಗಡಿಟ್ಟು ಬಾಗಿಸ್ತೀನಿ ನೋಡು."

ಮನೆಗಳ ಸೂರಿಗೆ ತಗಡಿನ ದೋಣಿ ಕಟ್ಟುವುದು ರಾಡೊವನ್‌ನ ಕಸುಬು. ಮಳೆನೀರು ಹರಿದುಹೋಗುವ ದೋಣಿ ಕಟ್ಟುವವನಿಗೂ ವಿಮಾನದ ತಗಡು ಮುಟ್ಟುವವನಿಗೂ ಈ ಕಡೆಯ ಊರುಗಳಲ್ಲಿ ಇರುವ ಅಂತರ ಸಣ್ಣದಲ್ಲ. ಇಲ್ಲಿ ಗ್ಯಾರೇಜಿನಲ್ಲಿ ವಿಮಾನ ಕಟ್ಟುವುದು ಹಿತ್ತಲಲ್ಲಿ ದ್ರಾಕ್ಷಾರಸ ತೆಗೆಯುವಷ್ಟೇ ಸಹಜ. ಪ್ರತಿ ಬೀದಿಯಲ್ಲೂ ವಿಮಾನ ಕಾರ್ಖಾನೆಯಲ್ಲಿ ದುಡಿದು ಬಂದ ಒಬ್ಬನಾದರೂ ಇರುತ್ತಾನೆ, ಅವನ ಮುಂದೆ ದೋಣಿಯವನು ಬಾಯಿ ಬಿಡುವ ಹಾಗಿಲ್ಲ. ಲುಬೊರ್ ಮೊದಲ ಸಲ ಅವನನ್ನು ತನ್ನ ಗ್ಯಾರೇಜಿನೊಳಕ್ಕೆ ಕರೆದು, ರೆಕ್ಕೆಯ ಎಲುಬುಗಳನ್ನು ತೋರಿಸಿ, ಇದನ್ನು ಹಿಡಿದುಕೋ ಅಂದಾಗ ರಾಡೊವನ್ ಹಿಗ್ಗಿ ಹೋಗಿದ್ದ. ಆ ಹಿಗ್ಗು ನೆನಪಾದರೆ ಈಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆ ವಿಮಾನ ಸಕ್ಕರೆಗೆಡ್ಡೆಯ ಹೊಲದಲ್ಲಿ ಬಿತ್ತು. ಬಾಲ ಮುರಿದು ಬಿತ್ತು. ಲುಬೊರ್ ಹೊರಗೆ ಎಸೆಯಲ್ಪಟ್ಟು ಬೆನ್ನುಮೂಳೆ ಮುರಿದುಕೊಂಡ. ಪಕ್ಕದಲ್ಲಿ ಕೂತಿದ್ದ ಅವನ ತಮ್ಮ ಆಲೆಶ್ ಬೆಲ್ಟು ಬಿಚ್ಚಲಾಗದೆ ಒಳಗೇ ಉರಿದುಹೋದ. ಬಾಲದ ರೆಕ್ಕೆಯನ್ನು ಹಿಡಿದಿದ್ದ ಎರಡು ಬ್ರಾಕೆಟ್ಟುಗಳನ್ನು ಬಾಗಿಸಿಕೊಟ್ಟವನು ರಾಡೊವನ್. ಡ್ಯುರಲ್ ಅಂದ್ರೆ ವಿಮಾನದ ಅಲ್ಯುಮಿನಿಯಂ, ದೋಣಿಯ ತಗಡಿನ ಹಾಗಲ್ಲ ಕಣೋ, ಚೂಪು ಅಂಚಿನ ಮೇಲೆ ಬಾಗಿಸಿದರೆ ಒಳಗೊಳಗೇ ಸೀಳುತ್ತೆ, ಅಂತ ಹೇಳಿ ಲುಬೊರ್ ತಾನೇ ಎರಡು ಸಂಜೆ ಅರದಿಂದ ಉಜ್ಜಿ ದುಂಡಗೆ ಮಾಡಿದ ಒಂದು ಉಕ್ಕಿನ ಪಟ್ಟಿಯನ್ನು ಚಿಂದಿಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಿದ್ದ. ನಿನ್ನ ತಗಡು ಬಾಗಿಸೋ ಮಷೀನಿನ ಚೂಪು ದವಡೆ ಬಿಚ್ಚು, ಇದನ್ನ ಹಾಕು, ಆಮೇಲೆ ಬಾಗಿಸು. ದವಡೆ ಬಿಚ್ಚಲು ಎಂಟು ಬೋಲ್ಟು. ಆವತ್ತು ಮಾವನ ಮನೆಯಲ್ಲಿ ಬಾತುಕೋಳಿ ಹುರಿದಿದ್ದರು, ಹೆಂಡತಿ ಎರಡು ಸಲ ಫೋನ್ ಮಾಡಿದ್ದಳು. ಎಂಟರಲ್ಲಿ ಎರಡು ಬೋಲ್ಟು ತುಕ್ಕು ಹಿಡಿದು ಕೂತಿದ್ದವು. ರಾಡೊವನ್ ಪಟ್ಟಿಯನ್ನು ವ್ಯಾನಿನ ಸೀಟಿನ ಕೆಳಗೆ ತಳ್ಳಿ, ಚೂಪು ದವಡೆಯಲ್ಲೇ ಬಾಗಿಸಿ, ಮೇಲೆ ಹಸಿರು ಪ್ರೈಮರನ್ನು ದಪ್ಪಗೆ ಬಳಿದು ಕೊಟ್ಟ. ಬಳಿಯುವಾಗ ಇದು ಉಪಕಾರ ಅಂತಲೇ ಅಂದುಕೊಂಡಿದ್ದ. ಲುಬೊರ್ ಕೂಡ, ಪರವಾಗಿಲ್ಲವೇ, ಬಣ್ಣನೂ ಹೊಡೆದು ತಂದಿದೀಯ, ಅಂದಿದ್ದ.

ಬೆಂಕಿಯಲ್ಲಿ ಬ್ರಾಕೆಟ್ಟುಗಳು ಕರಗಿ ಮುದ್ದೆಯಾಗಿದ್ದವು. ತನಿಖೆಯವರು ನೋಡಿದರು, ಹೊಲದಲ್ಲಿದ್ದವರನ್ನು ಕೇಳಿದರು, ವಿಮಾನ ನೆಲದ ಹತ್ತಿರ ಬಂದು ಒಮ್ಮೆಲೇ ಮೇಲಕ್ಕೆದ್ದಿತ್ತು ಅಂತ ಎಲ್ಲರೂ ಹೇಳಿದರು, ವಿಮಾನ ನಡೆಸುತ್ತಿದ್ದ ಲುಬೊರ್ ಬಾಲ ಮುರಿಯುವಷ್ಟು ಹಿಡಿಕೆಯನ್ನು ಎಳೆದಿದ್ದಾನೆ ಅಂತ ಕಾಗದ ಬರೆದರು. ಆ ಕಾಗದ ಬರುವ ಮೊದಲೇ ಲುಬೊರ್ ಆಸ್ಪತ್ರೆಯ ಹಾಸಿಗೆಯಿಂದ, ಕತ್ತು ತಿರುಗಿಸಲಾಗದೆ ಸೂರು ನೋಡುತ್ತ, ಕೇಳಿದ್ದ: ಪಟ್ಟಿ ಹಾಕಿದ್ಯಾ? ರಾಡೊವನ್, ಹಾಕಿದ್ದೆ, ಅಂದ. ಅಷ್ಟೇ. ಒಂದೇ ಮಾತು. ಲುಬೊರ್, ಹಾಗಾದ್ರೆ ನಾನೇ, ಅಂದ. ಆವತ್ತೇ ಮಧ್ಯಾಹ್ನ ಅವನ ತಾಯಿ ಓತೀಲಿಯಾ ಕಿರಿಮಗನನ್ನು ಮಣ್ಣು ಮಾಡುವಾಗ ಉಟ್ಟಿದ್ದ ಕಪ್ಪು ಬಟ್ಟೆಯಲ್ಲೇ ವಾರ್ಡಿಗೆ ಬಂದು, ಮಡಿಸಿದ ಕೊಡೆಯಿಂದ ಮಗನ ಮುಖಕ್ಕೆ, ಪ್ಲಾಸ್ಟರಿಗೆ, ಮತ್ತೆ ಮುಖಕ್ಕೆ ಹೊಡೆದಳು. ಅವಳನ್ನು ಹಿಡಿದು ಹೊರಗೆ ಕರೆದೊಯ್ದವನು ರಾಡೊವನ್. ಮೆಟ್ಟಿಲ ಮೇಲೆ ಅವಳು ಅವನ ಎದೆಗೆ ತಲೆಯಿಟ್ಟು ಅತ್ತಿದ್ದಳು. ಅಂದಿನಿಂದ ಅವಳು ಲುಬೊರ್‌ಗೆ ಬಾಗಿಲು ತೆಗೆದಿಲ್ಲ.

"ಇನ್ನೊಂದು ವಿಮಾನ, ಹಾರೋಕಲ್ಲ," ಎಂದು ಲುಬೊರ್ ಕ್ರಿಸ್‌ಮಸ್ಸಿನಲ್ಲಿ ಹೇಳಿದ್ದ. "ನನ್ನನ್ನ ಯಾರು ಹಾರಿಸ್ತಾರೆ? ಕಟ್ಟೋಕೆ. ಒಂದು ಸಲ ತಪ್ಪಿಲ್ದೆ ಕಟ್ಟಿ ಅಮ್ಮನ ಮನೆ ಮುಂದೆ ನಿಲ್ಲಿಸ್ಬೇಕು. ಕೈ ನಂದು, ಕಾಲು ನಿಂದು. ಬೇರೆ ಯಾರನ್ನೂ ನಂಬಲ್ಲ ನಾನು." ರಾಡೊವನ್ ಆಗಲಿ ಅಂದಿದ್ದ. ಇನ್ನೇನು ಅನ್ನುತ್ತಾನೆ?

ಅಪೊಲೇನಾಳ ಷೆಡ್ಡಿನ ಬಾಗಿಲು ತೆರೆದೇ ಇತ್ತು. ಕಾರ್ಖಾನೆಯ ತಗಡು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಹೆಂಗಸು, ಊರಿಗೆಲ್ಲ ಅತ್ತೆ. ಈಗ ಕಣ್ಣು ಮಂಜಾಗಿ ಎದುರಿನವರ ಮುಖ ಕಾಣುವುದಿಲ್ಲ, ಹಾಗಾಗಿ ತನ್ನ ಯಂತ್ರಗಳನ್ನು ಕೊಟ್ಟುಬಿಡುತ್ತೇನೆ ಅಂತ ಹೇಳಿ ಕಳಿಸಿದ್ದಳು. ಒಳಗೆ ಎಣ್ಣೆಯ, ಕೋಳಿಯ, ಹಳೆಯ ಪ್ಲಮ್ ಬ್ರಾಂದಿಯ ವಾಸನೆ.

"ಕುರ್ಚಿ ಸದ್ದು ಕೇಳ್ತು. ಲುಬೊರ್ ನೀನು. ಇನ್ನೊಬ್ಬ ಯಾರು?"

"ರಾಡೊವನ್, ಅತ್ತೆ. ನಮ್ಮ ದೋಣಿಯವ್ನು," ಅಂದ ಲುಬೊರ್.

"ಓ, ನಮ್ಮನೆ ದೋಣಿ ಸೋರ್ತಾ ಇದೆಯಪ್ಪ, ಒಂದಿನ ಬಾ," ಅಂದಳು ಅಪೊಲೇನಾ. ಲುಬೊರ್ ತೊಡೆ ತಟ್ಟಿ ನಕ್ಕ. ರಾಡೊವನ್ ಕೂಡ ನಕ್ಕ, ನಗದೆ ಇದ್ದರೆ ಇನ್ನೂ ಅವಮಾನ.

ಮೊದಲು ಕತ್ತರಿಸುವ ಯಂತ್ರ. ಅಪೊಲೇನಾ ಹಳೆಯ ವೃತ್ತಪತ್ರಿಕೆಯೊಂದನ್ನು ಎಡದಿಂದ ಬಲಕ್ಕೆ ಅಲಗಿನ ಕೆಳಗೆ ಹಾಸಿ, ತುಳಿ ಅಂದಳು. ಕಾಲಿನಿಂದ ತುಳಿಯುವ ಯಂತ್ರ. ಲುಬೊರ್‌ಗೆ ಆಗದು, ಅದಕ್ಕೇ ಅವನು ರಾಡೊವನ್‌ನ ಕಾಲನ್ನೇ ನೋಡುತ್ತಿದ್ದ, ಸಂತೆಯಲ್ಲಿ ಕುದುರೆ ಕೊಳ್ಳುವವನು ನೋಡುವ ಹಾಗೆ. ರಾಡೊವನ್ ತುಳಿದ. ಅಲಗು ಒಂದೇ ಉಸಿರಿಗೆ ಇಳಿಯಿತು. ಪತ್ರಿಕೆಯಲ್ಲಿದ್ದ ಯಾವನೋ ಮಂತ್ರಿಯ ಕತ್ತು ಎಳೆ ಸಹ ಏಳದೆ ಎರಡಾಯಿತು. ಕಾಗದವನ್ನು ಹರಿಯದೆ ಕತ್ತರಿಸುವ ಅಲಗು ತಗಡನ್ನೂ ಕತ್ತರಿಸುತ್ತೆ, ಅಂದಳು ಅಪೊಲೇನಾ. ಆಮೇಲೆ ಡ್ಯುರಲ್ ತುಂಡೊಂದನ್ನು ಕೊಟ್ಟಳು. ಅವನು ಮತ್ತೆ ತುಳಿದ, ಮತ್ತೆ ತುಳಿದ. ತುಳಿಯುವುದರಲ್ಲಿ ಒಂದು ಸುಖವಿತ್ತು. ಪ್ರತಿ ಸಲ ಅಲಗು ಬಿದ್ದಾಗ ಅವನೊಳಗೆ ಏನೋ ಒಂದು ಕತ್ತರಿಸಿ ಬೀಳುತ್ತಿತ್ತು: ಕೊಡೆ ಹಿಡಿದ ಕೈ, ಫೋನ್ ಹಿಡಿದ ಹೆಂಡತಿಯ ಕೈ, ಹಾಕಿದ್ದೆ ಅಂದ ನಾಲಿಗೆ. ಆಲೆಶ್‌ನನ್ನು ಹೊರತೆಗೆದಾಗ ಅವನ ಕೈಗಳು ಬೆಲ್ಟಿನ ಕೊಂಡಿಗೇ ಅಂಟಿದ್ದವಂತೆ.

"ಸಾಕು ಮಾರಾಯ, ಎಲ್ಲಾ ಇಲ್ಲೇ ಕತ್ತರಿಸಿ ಹಾಕ್ತೀಯ?" ಅಂದ ಲುಬೊರ್.

ಅಪೊಲೇನಾ ಕತ್ತರಿಸಿದ ಅಂಚಿನ ಉದ್ದಕ್ಕೂ ಹೆಬ್ಬೆರಳ ಉಗುರನ್ನು ಎಳೆದಳು. ಕಣ್ಣು ಮಾಡಬೇಕಾದ ಕೆಲಸವನ್ನೆಲ್ಲ ಈಗ ಆ ಉಗುರು ಮಾಡುತ್ತಿತ್ತು. "ಒಂದು ಕಡೆ ಅಂಚು ಗರಗಸದ ಹಾಗೆ ಹಲ್ಲುಹಲ್ಲಾಗಿದೆ, ಅಲಗು ಅರ್ಧ ಕೂದಲು ದೂರ ಇಡ್ಬೇಕು," ಅಂದಳು. ಕೈಕತ್ತರಿಗಳನ್ನು ತೋರಿಸುತ್ತ, ಇವನ್ನು ತುದಿಯವರೆಗೆ ಮುಚ್ಚಬಾರದು, ಮುಚ್ಚಿದರೆ ಪ್ರತಿ ಸಲ ಒಂದು ಕಚ್ಚು ಬೀಳುತ್ತೆ, ಗಾಳಿಯಲ್ಲಿ ನಡುಗಿ ನಡುಗಿ ಆ ಕಚ್ಚೇ ಸೀಳಾಗುತ್ತೆ, ಅಂದಳು. ಗೊತ್ತು ಅತ್ತೆ, ಅಂದ ಲುಬೊರ್. ಗೊತ್ತಿದ್ದೋರೇ ತಪ್ಪು ಮಾಡೋದು, ಅಂದಳು ಅವಳು. ಅಂದಮೇಲೆ ಯಾರ ಮುಂದೆ ಅಂದೆ ಅಂತ ಹೊಳೆದು ಬಾಯಿಗೆ ಕೈ ಇಟ್ಟುಕೊಂಡಳು.

ಲುಬೊರ್‌ಗೆ ಸಿಟ್ಟು ಬರಲಿಲ್ಲ. "ನಿಜಾನೇ ಅತ್ತೆ. ಮಷೀನು ಕೈ ಕೊಡ್ಲಿಲ್ಲ, ತಗಡು ಕೈ ಕೊಡ್ಲಿಲ್ಲ, ಇವ್ನೂ ಕೈ ಕೊಡ್ಲಿಲ್ಲ. ಕೊಂದಿದ್ದು ನಾನು," ಅಂದ. ಅದನ್ನು ಅವನು ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳುವುದೇ ರಾಡೊವನ್‌ಗೆ ತಡೆಯಲಾಗದ ಸಂಗತಿ. ಅಳಲಿ, ಬೈಯಲಿ, ಕುಡಿದು ಬಿದ್ದಿರಲಿ. ಹೀಗೆ ಪ್ರತಿ ಶನಿವಾರ ತನ್ನೆದುರು ತಪ್ಪೊಪ್ಪಿಕೊಳ್ಳುತ್ತಾನಲ್ಲ, ಇವನ ಬಾಯಿ ಒತ್ತಿ ಹಿಡಿದು ಉಸಿರು ನಿಲ್ಲಿಸಬೇಕು ಅನಿಸಿತು.

ಬಾಗಿಸುವ ಮಷೀನು ಎರಡಿದ್ದವು. ಗೋಡೆಯ ಪಕ್ಕದ್ದು ಅಗಲವಾದದ್ದು, ಎರಡು ಮೀಟರ್ ತಗಡು ಒಂದೇ ಸಲಕ್ಕೆ ಬಾಗುತ್ತೆ, ದವಡೆ ಮಾತ್ರ ಚೂಪು. ಕಿಟಕಿಯ ಬಳಿಯದು ಗಿಡ್ಡ, ಒಂದು ಮೀಟರ್ ಕೂಡ ಇಲ್ಲ, ದವಡೆಯ ಅಂಚು ದುಂಡು. ದೊಡ್ಡದನ್ನು ಕೊಂಡು ದವಡೆ ಬದಲಿಸಿಕೊಳ್ಳಬಹುದು, ಚಿಕ್ಕದನ್ನು ಕೊಂಡು ದೊಡ್ಡ ತಗಡುಗಳಿಗೆ ಬೇರೆ ದಾರಿ ನೋಡಿಕೊಳ್ಳಬಹುದು. ಲುಬೊರ್ ಚಳಿಗಾಲವೆಲ್ಲ ಇದನ್ನೇ ಲೆಕ್ಕ ಹಾಕಿದ್ದ. ಆದರೂ ಈಗ, "ನೀನು ಹೇಳು. ನಿನ್ ಕೈಗೆ ಯಾವ್ದು ಬರುತ್ತೆ?" ಎಂದು ರಾಡೊವನ್ ಕಡೆ ತಿರುಗಿದ.

"ಚಿಕ್ಕದು," ಅಂದ ರಾಡೊವನ್, ಪ್ರಶ್ನೆ ಮುಗಿಯುವ ಮೊದಲೇ.

"ಯಾಕೆ? ದೊಡ್ಡದಕ್ಕೆ ಪಟ್ಟಿ ಹಾಕೋದು ನಿಂಗೆ ಗೊತ್ತಲ್ಲ. ಆವತ್ತು ಹಾಕಿದ್ಯಲ್ಲ."

"ಚಿಕ್ಕದೇ ಇರ್ಲಿ."

"ಬಾಯಿಮಾತು ಬೇಡ, ಬಾಗಿಸಿ ತೋರ್ಸಪ್ಪ," ಅಂದಳು ಅಪೊಲೇನಾ. "ಮಷೀನು ಯಾರ ಕೈಗೆ ಹೋಗುತ್ತೆ ಅಂತ ನಂಗೂ ಗೊತ್ತಾಗ್ಲಿ. ಅಂಚಿಂದ ಎರಡು ಬೆರಳು ಬಿಟ್ಟು, ನೇರಕ್ಕೆ."

ಅಂಗೈ ಅಗಲದ ಡ್ಯುರಲ್ ತುಂಡು. ರಾಡೊವನ್ ಅಳೆದ, ಗುರುತು ಹಾಕಿದ, ದವಡೆಯ ಕೆಳಗೆ ಕೂರಿಸಿ ಬಿಗಿದ, ಹಿಡಿಯನ್ನು ಮೇಲಕ್ಕೆತ್ತಿದ. ತಗಡು ಸದ್ದಿಲ್ಲದೆ ಬಾಗಿತು. ಎಷ್ಟು ಚೆನ್ನಾಗಿ ಬಾಗಿತೆಂದರೆ ಅವನು ಹಿಡಿಯನ್ನು ಇಳಿಸುವುದನ್ನೇ ಮರೆತ. ಇಷ್ಟೇ ಆಗಿತ್ತಲ್ಲ, ಎಂಟು ಬೋಲ್ಟು ಬಿಚ್ಚಿದ್ದರೆ ಇಷ್ಟೇ. ತುಂಡನ್ನು ತೆಗೆದು ಮುದುಕಿಯ ಕೈಗಿಟ್ಟ. ಅವಳ ಉಗುರು ಬಾಗಿನ ಒಳಗೆ ಸರಿದಾಡಿತು, ಅವಳು ತಲೆದೂಗಿದಳು; ಉಗುರು ಮತ್ತೆ ಸರಿದು ಒಂದು ಕಡೆ ಚಿಟ್ಟೆಂದು ನಿಂತಿತು. ಹಿಂದೆ ಸರಿದು, ಮುಂದೆ ಬಂದು, ಅಲ್ಲೇ ಮತ್ತೆ ನಿಂತಿತು.

"ಇದೇನಿದು? ಗುರುತು ಯಾತರಲ್ಲಿ ಹಾಕ್ದೆ?"

ರಾಡೊವನ್ ತನ್ನ ಬಲಗೈ ನೋಡಿಕೊಂಡ. ಬೆರಳ ನಡುವೆ ತಗಡಿನ ಮೇಲೆ ಗೆರೆ ಕೊರೆಯುವ ಉಕ್ಕಿನ ಮುಳ್ಳು ಇತ್ತು, ಅಂಗಿ ಜೇಬಿನಿಂದ ಯಾವಾಗ ತೆಗೆದನೋ. ಇಪ್ಪತ್ತಾರು ವರ್ಷದಿಂದ ಆ ಜೇಬಿನಲ್ಲಿರುವುದು, ದಿನಕ್ಕೆ ನೂರು ಗೆರೆ ಎಳೆಯುವುದು. "ಮುಳ್ಳಲ್ಲಿ," ಅಂದ.

"ಅಯ್ಯೋ ನಿನ್ ಕೈ ಸೇದೋಗಾ!" ಮುದುಕಿ ತುಂಡನ್ನು ನೆಲಕ್ಕೆ ಎಸೆದಳು, ಕೋಳಿಗಳು ಚೆದುರಿದವು. "ಬಾಗೋ ಜಾಗದಲ್ಲಿ ಮುಳ್ಳಿನ ಗೆರೆ ಎಳೀತಾರೇನೋ? ನಾಳೆ ಸೀಳೋದು ಅಲ್ಲಿಂದ್ಲೇ ತಾನೆ? ನಮ್ ಮೇಸ್ತ್ರಿ ಬಾಗಿಲಲ್ಲೇ ನಿಂತು ಜೇಬು ತಡಕ್ತಿದ್ದ, ಮುಳ್ಳು ಸಿಕ್ಕಿದ್ರೆ ಕಪಾಳಕ್ಕೆ ಬಿಡ್ತಿದ್ದ. ಶಾಯಿ ಪೆನ್ನು! ಶಾಯಿ ಪೆನ್ನು ಬಿಟ್ರೆ ಬೇರೆ ಯಾವ್ದೂ ಡ್ಯುರಲ್ ಮುಟ್ಟಬಾರ್ದು!"

ಲುಬೊರ್ ನಕ್ಕ. "ದೋಣಿ ಕೈ ಅತ್ತೆ, ಬಿಡಿ, ಕಲೀತಾನೆ," ಅಂದ. ನಗು ಮುಖದ ಮೇಲಿತ್ತು, ಅದು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನ ಮುಖವನ್ನು ನೋಡುತ್ತಿದ್ದ ರಾಡೊವನ್‌ಗೆ ಅವನು ಏನು ಕೇಳುತ್ತಾನೆಂದು ಕೇಳುವ ಮೊದಲೇ ತಿಳಿಯಿತು.

"ಆವತ್ತು ಯಾತರಲ್ಲಿ ಹಾಕಿದ್ದೆ ಗುರುತು?"

ಆವತ್ತು? ಆವತ್ತೂ ಅದೇ ಜೇಬು, ಅದೇ ಮುಳ್ಳು. ಎರಡು ವರ್ಷ ಅವನು ಪಟ್ಟಿಯನ್ನು ನೆನೆದಿದ್ದ, ಎಂಟು ಬೋಲ್ಟುಗಳನ್ನು ನೆನೆದಿದ್ದ, ಬಾತುಕೋಳಿಯನ್ನು ನೆನೆದಿದ್ದ. ಮುಳ್ಳು ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ. ಗೊತ್ತಿದ್ದ ತಪ್ಪನ್ನು ಅವನು ಮುಚ್ಚಿಟ್ಟು ಕಾಪಾಡಿಕೊಂಡಿದ್ದ, ಗೊತ್ತೇ ಇಲ್ಲದ ತಪ್ಪೊಂದು ಈಗ ಬಂದು ಎಲ್ಲರೆದುರು ಅವನನ್ನು ಹಿಡಿದಿತ್ತು. ಇದು ಅನ್ಯಾಯ ಅನಿಸಿತು. ಆ ಕ್ಷಣಕ್ಕೆ ನಿಜವಾಗಿಯೂ ಸಿಟ್ಟು ಬಂತು ಅವನಿಗೆ. "ಮುಳ್ಳಲ್ಲೇ! ನಂಗೇನು ಗೊತ್ತು? ನೀನು ಹೇಳಿದ್ಯಾ ಮುಳ್ಳು ಬೇಡ ಅಂತ? ಪಟ್ಟಿ ಹಾಕು ಅಂದೆ. ಪಟ್ಟಿ ಯಾಕೆ ಹಾಕ್ಲಿಲ್ಲ ಅಂತ ಬೇಕಾದ್ರೆ ಕೇಳು, ಮುಳ್ಳು ಯಾಕೆ ಕೇಳ್ತೀಯ?" ಎಂದು ಕಿರುಚಿದ. ಕಿರುಚಿ ಮುಗಿಸಿದ ಮೇಲೆ ಅದರಲ್ಲಿ ಏನಿತ್ತು ಎಂಬುದು ಅವನ ಕಿವಿಗೇ ಕೇಳಿಸಿತು.

"ಪಟ್ಟಿ ಹಾಕ್ಲಿಲ್ವಾ?" ಅಂದ ಲುಬೊರ್.

"ಇಲ್ಲ."

"ಆಸ್ಪತ್ರೇಲಿ ಹಾಕಿದ್ದೆ ಅಂದೆ."

"ಅಂದೆ."

ಲುಬೊರ್‌ನ ಕೈ ಅವನ ಕಾಲರಿಗೆ ಬಂತು. ಎರಡು ವರ್ಷ ಗಾಲಿ ತಿರುಗಿಸಿದ ಕೈ, ಎಳೆದ ಎಳೆತಕ್ಕೆ ರಾಡೊವನ್ ಮುಗ್ಗರಿಸಿದ. ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ಗಾಳಿಗೆ ಹೋಯಿತು, ಯಾಕೆಂದರೆ ನಿಂತವನ ಮುಖ ಕೂತವನಿಗೆ ಎಟುಕುತ್ತಿರಲಿಲ್ಲ. ಆಗ ರಾಡೊವನ್ ಮಂಡಿಯೂರಿದ. ಯಾರೂ ಹೇಳಲಿಲ್ಲ, ತಾನೇ ಊರಿದ, ಮುಖವನ್ನು ಮುಷ್ಟಿಯ ಎತ್ತರಕ್ಕೆ ತಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮೂಗು ಒಡೆಯಿತು. ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಪ್ರತಿ ಏಟಿಗೂ ಲುಬೊರ್ ಒಂದೊಂದೇ ಮಾತು ಹೇಳುತ್ತಿದ್ದ: "ನಾನು. ಕೊಂದೆ. ಅಂತ. ಎರಡು. ವರ್ಷ." ಅಪೊಲೇನಾ ಕಾಣದ ಕಣ್ಣಲ್ಲಿ ಎರಡೂ ಕೈ ಚಾಚಿ, "ಬಿಡ್ರೋ, ಸತ್ತೋಗ್ತಾನೆ, ಯಾರು ಯಾರನ್ನ ಹೊಡೀತಿದೀರೋ?" ಎಂದು ಕೂಗುತ್ತ ಯಂತ್ರಗಳಿಗೆ ಡಿಕ್ಕಿ ಹೊಡೆಯುತ್ತಿದ್ದಳು. ಲುಬೊರ್ ಅವನ ಕೂದಲು ಹಿಡಿದು ಹಣೆಯನ್ನು ಮಷೀನಿನ ಕಬ್ಬಿಣದ ಕಾಲಿಗೆ ಬಡಿದ. ನೋವಿನ ನಡುವೆ ರಾಡೊವನ್‌ಗೆ ಹಗುರವಾಯಿತು. ಇನ್ನೂ ಹೊಡೆಯಲಿ, ಮುಗಿಸಿಬಿಡಲಿ ಎಂದು ಅವನು ಹಂಬಲಿಸಿದ.

ಹೊಡೆಯುವ ಕೈ ಸೋತಿತು. ಲುಬೊರ್ ಏದುಸಿರು ಬಿಡುತ್ತ ಕುರ್ಚಿಗೆ ಒರಗಿದ, ಅವನ ಗೆಣ್ಣುಗಳು ಸಿಪ್ಪೆ ಸುಲಿದಿದ್ದವು. ಅವನು ಅಳುತ್ತಿರಲಿಲ್ಲ. ಮುಖ ಇಪ್ಪತ್ತು ವರ್ಷ ಚಿಕ್ಕದಾದಂತೆ ಕಂಡಿತು.

"ಏಳು. ಅಮ್ಮನ ಮನೆಗೆ ತಳ್ಳು. ಅವಳ ಮುಂದೆ ಹೇಳು."

ರಾಡೊವನ್ ಎದ್ದ. ಎರಡು ಬೀದಿ ದೂರ. ದಾರಿಯಲ್ಲಿ ಜನ ನಿಂತು ನೋಡಿದರು, ಬ್ರೆಡ್ ಚೀಲ ಹಿಡಿದ ಹೆಂಗಸೊಬ್ಬಳು ಶಿಲುಬೆ ಸನ್ನೆ ಮಾಡಿಕೊಂಡಳು. ಅವನ ಗಲ್ಲದಿಂದ ಇಳಿದ ರಕ್ತ ಲುಬೊರ್‌ನ ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತು, ಲುಬೊರ್ ಒರೆಸಿಕೊಳ್ಳಲಿಲ್ಲ. "ಬೇಗ," ಎಂದಷ್ಟೇ ಅನ್ನುತ್ತಿದ್ದ, ಹಬ್ಬಕ್ಕೆ ಮನೆ ಸೇರುವವನ ದನಿಯಲ್ಲಿ. "ಬೇಗ ಕಣೋ."

ಓತೀಲಿಯಾಳ ಬಾಗಿಲಿಗೆ ಮೂರು ಮೆಟ್ಟಿಲು. ಕುರ್ಚಿ ಕೆಳಗೇ ನಿಂತಿತು. ರಾಡೊವನ್ ಹತ್ತಿ ಬಡಿದ. ಬಾಗಿಲು ತೆರೆದವಳು ಮೊದಲು ಅವನ ಮುಖ ನೋಡಿದಳು, ಆಮೇಲೆ ಅಂಗಳದಲ್ಲಿದ್ದ ಮಗನನ್ನು, ಮಗನ ಸುಲಿದ ಗೆಣ್ಣುಗಳನ್ನು. ಎರಡು ವರ್ಷದಲ್ಲಿ ಮೊದಲ ಸಲ ಅವಳು ಮಗನೊಂದಿಗೆ ಮಾತಾಡಿದಳು.

"ಇವನನ್ನೂ ಕೊಲ್ಲೋಕೆ ಹೊರಟ್ಯಾ?"

"ಅಮ್ಮಾ, ಅವನು ಹೇಳೋದು ಕೇಳು. ಹೇಳೋ! ಹೇಳು!"

"ಬ್ರಾಕೆಟ್ಟು ನಾನು ಕೆಡಿಸಿದ್ದು," ಅಂದ ರಾಡೊವನ್. ಬಾಯಿ ತುಂಬ ರಕ್ತವಿತ್ತು, ಆದರೂ ಮಾತು ಸ್ಪಷ್ಟವಾಗಿಯೇ ಬಂತು. "ಪಟ್ಟಿ ಹಾಕಿರ್ಲಿಲ್ಲ. ಹಾಕಿದ್ದೆ ಅಂತ ಸುಳ್ಳು ಹೇಳ್ದೆ. ಲುಬೊರ್‌ದು ತಪ್ಪಿಲ್ಲ. ಆಲೆಶ್ ಸತ್ತಿದ್ದು ನನ್ನಿಂದ."

ಓತೀಲಿಯಾ ಅವನನ್ನೇ ನೋಡಿದಳು. ಅವಳ ಕಣ್ಣು ತುಂಬಿತು. ಏಪ್ರನ್ನಿನ ತುದಿಯಿಂದ ಅವನ ಬಾಯಿ ಒರೆಸಿದಳು, ಮೆಲ್ಲಗೆ, ನೋಯದ ಹಾಗೆ. "ಸುಮ್ನಿರು ಮಗು. ಇಷ್ಟು ಹೊಡೆದ್ರೆ ನಾನೂ ಹೇಳ್ತಿದ್ದೆ," ಅಂದಳು. ಅವನ ಭುಜದ ಮೇಲಿಂದ ಅಂಗಳದ ಕಡೆ ದನಿಯೆತ್ತಿ, "ತಮ್ಮನ್ನ ಸುಟ್ಟೆ, ಈಗ ಇವನ ಹಲ್ಲು ಮುರಿದು ನಿನ್ ಪಾಪ ಇವನ ಬಾಯಲ್ಲಿ ಹೇಳಿಸ್ತೀಯ? ನೀನು ನನ್ ಹೊಟ್ಟೇಲಿ ಹುಟ್ಟಿದ್ಯೇನೋ?" ಅಂದಳು.

"ರಾಡೊವನ್," ಅಂದ ಲುಬೊರ್ ಕೆಳಗಿನಿಂದ. ಅದು ಕೂಗಲ್ಲ, ಬೇಡಿಕೆ. ಎಷ್ಟೋ ವರ್ಷಗಳ ಮೇಲೆ ಅವನು ದೋಣಿಯವನೇ ಅನ್ನದೆ ಹೆಸರು ಹಿಡಿದು ಕರೆದಿದ್ದ. "ಇನ್ನೊಂದ್ಸಲ ಹೇಳು. ನಿಜ ಅಂತ ಹೇಳು."

ಇನ್ನೊಂದು ಸಲ ಹೇಳಿದರೆ ಅವಳು ನಂಬುತ್ತಿದ್ದಳು. ಬೋಲ್ಟು, ಬಾತುಕೋಳಿ, ಹಸಿರು ಬಣ್ಣ, ಒಂದೊಂದಾಗಿ ಹೇಳಿದರೆ ಏಟಿಗೆ ಹುಟ್ಟಿದ ಮಾತಲ್ಲ ಇದು ಅಂತ ತಾಯಿಗೆ ತಿಳಿಯದೆ ಇರುತ್ತಿರಲಿಲ್ಲ. ರಾಡೊವನ್‌ಗೆ ಅದು ಗೊತ್ತಿತ್ತು. ನಾಲಿಗೆ ಇತ್ತು, ದವಡೆ ಮುರಿದಿರಲಿಲ್ಲ. ಆದರೆ ಹೇಳಬೇಕಾದ್ದನ್ನು ಒಮ್ಮೆ ಹೇಳಿದ್ದಾಗಿತ್ತಲ್ಲ, ಎಲ್ಲರೆದುರು, ಗಟ್ಟಿಯಾಗಿ. ನಂಬದೆ ಹೋದದ್ದು ಅವಳು. ಅವಳ ಕೈ ಬೆಚ್ಚಗಿತ್ತು, ಏಪ್ರನ್ನಿಗೆ ಈರುಳ್ಳಿಯ ವಾಸನೆಯಿತ್ತು. ಅವನು ತುಟಿಗಳನ್ನು ಮುಚ್ಚಿಕೊಂಡು ತಲೆ ತಗ್ಗಿಸಿದ.

ಓತೀಲಿಯಾ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು, ಚಿಲಕವನ್ನೂ ಹಾಕಿದಳು. ಅಡುಗೆಮನೆಯಲ್ಲಿ ಒಂದು ಕುರ್ಚಿ ಎಳೆದು, "ಕೂತ್ಕೋಪ್ಪ, ನೀರು ಬಿಸಿ ಮಾಡ್ತೀನಿ," ಅಂದಳು. ಹೊರಗೆ ಲುಬೊರ್ ಕೂಗುತ್ತಾನೆ, ಬಾಗಿಲಿಗೆ ಕಲ್ಲು ಎಸೆಯುತ್ತಾನೆ ಎಂದು ರಾಡೊವನ್ ಕಾದ. ಸದ್ದೇ ಇರಲಿಲ್ಲ. ಅವನು ಕೂತುಕೊಂಡ.